ರುದ್ರಪಟ್ಟಣದ ಶಾಮಶಾಸ್ತ್ರಿಗಳು

ಆಲೂರು ತಾಲ್ಲೂಕಿನ ಪಾಳ್ಯದಿಂದ ಸಕಲೇಶಪುರದ ಘಟ್ಟದವರೆಗೆ ಹಬ್ಬಿರುವ ಬೆಟ್ಟಗಾಡಿನಲ್ಲಿ ಹಳೆಯ ರಾಜ್ಯತಂತ್ರದ ಗುರುತುಗಳು ಊರುಗಳ ಹೆಸರಿನಲ್ಲಿಯೇ ಉಳಿದುಕೊಂಡಿವೆ. ಪಾಳ್ಯವೆಂದರೆ ಪಾಳೆಯ, ದಂಡು ಬೀಡುಬಿಡುವ ಸ್ಥಳಕ್ಕೆ ಕನ್ನಡನಾಡಿನಲ್ಲಿ ಸಲ್ಲುವ ಹೆಸರು. ಪಾಳೆಯವನ್ನು ಆಳಿದವನೇ ಪಾಳೆಯಗಾರ. ಬಲಂ ಸೀಮೆಯ ಪಾಳೆಯಗಾರರು ಒಂದು ಕಡೆ ಮೈಸೂರು, ಇನ್ನೊಂದು ಕಡೆ ಕೆಳದಿ ಎಂಬ ಎರಡು ಪ್ರಬಲ ರಾಜ್ಯಗಳ ನಡುವೆ ಸಿಕ್ಕಿಕೊಂಡು, ಒಮ್ಮೆ ಸಂಧಿಯಿಂದಲೂ ಒಮ್ಮೆ ವಿಗ್ರಹದಿಂದಲೂ ತಮ್ಮ ನೆಲವನ್ನು ಕಾಯ್ದುಕೊಂಡರು. ಟಿಪ್ಪು ಸುಲ್ತಾನನು ಕಟ್ಟಿಸಿ ೧೭೯೨ರಲ್ಲಿ ಮುಗಿಸಿದ ಮಂಜರಾಬಾದಿನ ನಕ್ಷತ್ರಾಕಾರದ ಕೋಟೆಯು ಈಗಲೂ ಅಲ್ಲಿ ನಿಂತಿದೆ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆಯೂ ಇಂಗ್ಲಿಷರಿಗೆ ಮಣಿಯದೆ ನಿಂತ ಪಾಳೆಯಗಾರ ವೆಂಕಟಾದ್ರಿ ನಾಯಕನನ್ನು ೧೮೦೨ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೇನೆಯು ಹಿಡಿದು ನೇಣಿಗೇರಿಸಿತು.

ಹೀಗೆ ಕತ್ತಿಯಿಂದ ಗೆದ್ದವರು ಅನಂತರ ಲೇಖನಿಯನ್ನು ಕೈಗೆತ್ತಿಕೊಂಡರು. ಜೇಮ್ಸ್ ಮಿಲ್ ಎಂಬಾತನು ಈ ದೇಶದಲ್ಲಿ ಒಮ್ಮೆಯೂ ಕಾಲಿಡದೆ, ಇಲ್ಲಿಯ ಒಂದು ಭಾಷೆಯನ್ನೂ ಕಲಿಯದೆ, ೧೮೧೭ರಲ್ಲಿ ಭಾರತದ ಇತಿಹಾಸವನ್ನು ಬರೆದು ಪ್ರಕಟಿಸಿದನು. ಈ ಇತಿಹಾಸವು ಆಳಬಂದ ಅಧಿಕಾರಿಗಳ ಪಾಠಪುಸ್ತಕವಾಯಿತು. ಭಾರತೀಯರು ಮೋಕ್ಷವನ್ನು ಬಲ್ಲರು, ರಾಜ್ಯವನ್ನು ಅರಿಯರು. ಸ್ವಪ್ನವನ್ನು ಕಾಣಬಲ್ಲರು, ಲೆಕ್ಕವನ್ನು ಇಡಲಾರರು. ದೊರೆಯ ಇಚ್ಛೆಯೇ ಅವರಿಗೆ ಕಾನೂನು ಎಂಬ ಅಭಿಪ್ರಾಯವು ಒಂದು ಶತಮಾನದ ಕಾಲ ಪಾಶ್ಚಾತ್ಯರಲ್ಲಿ ಬೇರೂರಿ, ನಮ್ಮವರಲ್ಲಿಯೂ ಇಂಗ್ಲಿಷು ಓದಿದ ಅನೇಕರ ಮನಸ್ಸನ್ನು ಹೊಕ್ಕಿತು. ರಾಜಕಾರಣದ ವಿದ್ಯೆಯೇ ಇಲ್ಲದ ಜನಕ್ಕೆ ಸ್ವರಾಜ್ಯವೇಕೆ ಎಂಬ ಪ್ರಶ್ನೆಗೆ ಈ ಅಭಿಪ್ರಾಯವೇ ಆಧಾರವಾಗಿತ್ತೆಂಬುದನ್ನು ನಮ್ಮ ವಾಚಕರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಈ ಮಾತಿಗೆ ಉತ್ತರವು ಸಭೆಯ ಭಾಷಣದಿಂದ ಬರಲಿಲ್ಲ. ಮೈಸೂರಿನ ಒಂದು ಗ್ರಂಥಭಂಡಾರದಲ್ಲಿ ಓಲೆಗರಿಗಳ ಧೂಳನ್ನು ಒರೆಸುತ್ತ ಕುಳಿತಿದ್ದ ಹಾಸನ ಜಿಲ್ಲೆಯ ಪಂಡಿತರೊಬ್ಬರಿಂದ ಬಂದಿತು. ಅವರೇ ಮಹಾಮಹೋಪಾಧ್ಯಾಯ ಡಾಕ್ಟರ್ ಆರ್. ಶಾಮಶಾಸ್ತ್ರಿಗಳು. ಅವರ ಹೆಸರನ್ನು ಎಲ್ಲರೂ ಕೇಳಿದ್ದಾರೆ. ಅವರು ಮಾಡಿದ ಕೆಲಸವು ಎಂತಹುದೆಂಬುದನ್ನು ತಿಳಿದವರು ಕಡಮೆ. ಆದುದರಿಂದ ಈ ಮಹನೀಯರ ಚರಿತ್ರೆಯನ್ನು ಸಂಕ್ಷೇಪವಾಗಿ ವಾಚಕರ ಮುಂದಿಡುತ್ತೇವೆ.

ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ಮೇಲಿರುವ ರುದ್ರಪಟ್ಟಣದಲ್ಲಿ ೧೮೬೮ರಲ್ಲಿ ಅವರು ಜನಿಸಿದರು. ವೇದಪಾಠಕ್ಕೂ ಸಂಗೀತಕ್ಕೂ ಹೆಸರಾದ ಊರು ಅದು. ಬಾಲ್ಯದ ವಿದ್ಯಾಭ್ಯಾಸವು ಅಲ್ಲಿಯೇ ನಡೆಯಿತು. ಅವರು ಎಂಟು ಹತ್ತು ವರ್ಷದ ಬಾಲಕರಾಗಿದ್ದಾಗ, ೧೮೭೬ರಿಂದ ೧೮೭೮ರವರೆಗೆ, ಮೈಸೂರು ಸೀಮೆಯನ್ನು ಮಹಾಕ್ಷಾಮವು ಹಿಂಡಿತು. ೧೮೭೧ರ ಜನಗಣತಿಯಲ್ಲಿ ಸುಮಾರು ೫೦ ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆಯು ೧೮೮೧ರ ಗಣತಿಯ ಹೊತ್ತಿಗೆ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು. ಆಗ ಸಂಸ್ಥಾನವು ಇಂಗ್ಲಿಷ್ ಕಮೀಷನರ ಆಡಳಿತದಲ್ಲಿತ್ತೆಂಬುದನ್ನು ನಾವು ಮರೆಯಲಾಗದು. ಈ ಸಂಗತಿಗೆ ಮುಂದೆ ಮತ್ತೆ ಬರುತ್ತೇವೆ.

ರುದ್ರಪಟ್ಟಣದಿಂದ ಅವರು ಮೈಸೂರಿಗೆ ಬಂದು, ಅಲ್ಲಿಯ ಸಂಸ್ಕೃತ ಪಾಠಶಾಲೆಯಲ್ಲಿ ವಿದ್ವತ್ ಪರೀಕ್ಷೆಯಲ್ಲಿ ಉನ್ನತ ರೀತಿಯಲ್ಲಿ ತೇರ್ಗಡೆಯಾದರು. ಶಾಸ್ತ್ರಾಧ್ಯಯನ ಮಾಡಿದ ಪಂಡಿತರು ಇಂಗ್ಲಿಷಿನ ಕಡೆ ತಿರುಗಿಯೂ ನೋಡದಿದ್ದ ಕಾಲವದು. ಇಂಗ್ಲಿಷು ಓದಿದವರು ಶಾಸ್ತ್ರವನ್ನು ಕೈಯಿಂದ ಮುಟ್ಟದಿದ್ದ ಕಾಲವೂ ಹೌದು. ಶಾಮಶಾಸ್ತ್ರಿಗಳು ಎರಡು ದಡಗಳಿಗೂ ಸೇತುವೆಯಾದರು. ೧೮೮೯ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಬಿ. ಎ. ಪದವಿಯನ್ನು ಪಡೆದರು. ಸಂಸ್ಕೃತ, ಪ್ರಾಕೃತ, ಕನ್ನಡ, ಇಂಗ್ಲಿಷು ಇವುಗಳ ಜೊತೆಗೆ ಜರ್ಮನ್ ಮತ್ತು ಫ್ರೆಂಚ್ ಭಾಷೆಗಳನ್ನೂ ಕಲಿತರು. ಅವರ ಯೋಗ್ಯತೆಯನ್ನು ಕಂಡು ಮೆಚ್ಚಿದ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರು ಅವರನ್ನು ಮೈಸೂರಿನ ಸರ್ಕಾರಿ ಓರಿಯೆಂಟಲ್ ಲೈಬ್ರರಿಯ ಗ್ರಂಥಪಾಲಕರನ್ನಾಗಿ ನೇಮಿಸಿದರು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ೧೮೯೧ರಲ್ಲಿ, ಸ್ಥಾಪಿತವಾದ ಈ ಭಂಡಾರಕ್ಕೆ ಸೀಮೆ ಸೀಮೆಗಳಿಂದ ಓಲೆಯ ಕಟ್ಟುಗಳು ಬಂದು ಸೇರುತ್ತಿದ್ದವು.

ಗ್ರಂಥಪಾಲಕನ ಕೆಲಸವೆಂದರೆ ಬೀಗದ ಕೈ ಇಟ್ಟುಕೊಂಡು ಕುಳಿತಿರುವುದೆಂದು ಕೆಲವರು ತಿಳಿದಿರಬಹುದು. ಓಲೆಗರಿಯ ವಿಷಯದಲ್ಲಿ ಈ ಕೆಲಸದ ಸ್ವರೂಪವೇ ಬೇರೆ. ಮುಟ್ಟಿದರೆ ಮುರಿಯುವ ಗರಿಗಳನ್ನು ಬಿಡಿಸಬೇಕು. ಹುಳು ತಿಂದ ಕಡೆಯಲ್ಲಿ ಯಾವ ಅಕ್ಷರವಿದ್ದಿತೆಂದು ಸಂದರ್ಭದಿಂದ ನಿಶ್ಚಯಿಸಬೇಕು. ಗ್ರಂಥ, ತೆಲುಗು, ಕನ್ನಡ, ನಂದಿನಾಗರಿ ಮೊದಲಾದ ಲಿಪಿಗಳನ್ನು ಓದಬಲ್ಲವನಾಗಿರಬೇಕು. ಮೊದಲ ಗರಿಯೂ ಕೊನೆಯ ಗರಿಯೂ ಕಳೆದುಹೋದ ಕಟ್ಟು ಯಾವ ಗ್ರಂಥವೆಂಬುದನ್ನು ನಡುವಿನ ನಾಲ್ಕು ಸಾಲುಗಳಿಂದ ಗುರುತಿಸಬೇಕು. ಇದಕ್ಕೆ ಕಣ್ಣೂ ಬೇಕು, ಶಾಸ್ತ್ರವೂ ಬೇಕು, ತಾಳ್ಮೆಯೂ ಬೇಕು. ಶಾಸ್ತ್ರಿಗಳು ಈ ಕೆಲಸವನ್ನು ದಿನದಿನವೂ ವರ್ಷಗಟ್ಟಲೆ ಮಾಡಿದರು.

ತಂಜಾವೂರು ಜಿಲ್ಲೆಯ ಪಂಡಿತನೊಬ್ಬನು ಗ್ರಂಥಲಿಪಿಯಲ್ಲಿ ಬರೆದಿದ್ದ ಒಂದು ಓಲೆಯ ಕಟ್ಟನ್ನು ಈ ಭಂಡಾರಕ್ಕೆ ಒಪ್ಪಿಸಿದ್ದನು. ಆತನ ಹೆಸರು ಚರಿತ್ರೆಯಲ್ಲಿ ದಾಖಲಾಗಲಿಲ್ಲ. ೧೯೦೫ರ ಸುಮಾರಿಗೆ ಶಾಸ್ತ್ರಿಗಳು ಅದನ್ನು ಓದಿ, ಅದು ಕೌಟಲ್ಯನ ಅರ್ಥಶಾಸ್ತ್ರವೆಂದು ಕಂಡುಕೊಂಡರು. ಜೊತೆಯಲ್ಲಿ ಭಟ್ಟಸ್ವಾಮಿಯೆಂಬಾತನ ವ್ಯಾಖ್ಯಾನದ ಒಂದು ಭಾಗವೂ ದೊರಕಿತು.

ಈ ಗ್ರಂಥದ ಹೆಸರು ವಿದ್ವಾಂಸರಿಗೆ ಹೊಸದಲ್ಲ. ದಂಡಿಯು ಅದನ್ನು ಸ್ಮರಿಸಿದ್ದನು. ಬಾಣನು ಅದನ್ನು ನಿಂದಿಸಿದ್ದನು. ಕಾಮಂದಕನು ಅದರ ಸಾರವನ್ನು ಸಂಗ್ರಹಿಸಿದ್ದನು. ವಿಶಾಖದತ್ತನು ಅದರ ಕರ್ತೃವನ್ನೇ ನಾಟಕದ ಪಾತ್ರವಾಗಿಸಿದ್ದನು. ಕನ್ನಡನಾಡಿಗೂ ಅದರ ಪರಿಚಯವಿತ್ತು. ರಾಷ್ಟ್ರಕೂಟರ ಸಾಮಂತರಾಗಿದ್ದ ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿದ್ದ ಜೈನಮುನಿ ಸೋಮದೇವಸೂರಿಯು ೧೦ನೆಯ ಶತಮಾನದಲ್ಲಿ ರಚಿಸಿದ ನೀತಿವಾಕ್ಯಾಮೃತದಲ್ಲಿ ಕೌಟಲ್ಯನ ಜಾಡು ಸ್ಪಷ್ಟವಾಗಿದೆ. ೧೧ನೆಯ ಶತಮಾನದಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹನು ಕಲ್ಯಾಣ ಚಾಲುಕ್ಯರಲ್ಲಿ ಸಂಧಿವಿಗ್ರಹಿಯಾಗಿದ್ದನು. ಆ ಪದವಿಯ ಹೆಸರೇ ಅರ್ಥಶಾಸ್ತ್ರದ ಷಾಡ್ಗುಣ್ಯದ ಮೊದಲ ಎರಡು ಗುಣಗಳಿಂದ ಆದುದು. ಆದರೆ ಮೂಲಗ್ರಂಥವು ಮಾತ್ರ ಎಲ್ಲಿಯೂ ಕಾಣಿಸದೆ, ಅದು ಲುಪ್ತವಾಯಿತೆಂದೇ ಎಲ್ಲರೂ ತೀರ್ಮಾನಿಸಿಕೊಂಡಿದ್ದರು.

ಸಿಕ್ಕಿದ್ದನ್ನು ಸಿಕ್ಕಿತೆಂದು ಸಾರಿ ಸುಮ್ಮನಾಗಿದ್ದರೆ ಶಾಸ್ತ್ರಿಗಳ ಕೀರ್ತಿಯು ಒಂದು ದಿನದ ಸುದ್ದಿಯಾಗಿ ಮುಗಿಯುತ್ತಿತ್ತು. ಅವರು ೧೯೦೫ರಿಂದಲೇ ಗ್ರಂಥದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ ಇಂಡಿಯನ್ ಆಂಟಿಕ್ವರಿ, ಮೈಸೂರ್ ರಿವ್ಯೂ ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿದರು. ೧೯೦೯ರಲ್ಲಿ ಸಂಸ್ಕೃತ ಮೂಲವನ್ನು ಮೈಸೂರಿನ ಸರ್ಕಾರಿ ಗ್ರಂಥಮಾಲೆಯಲ್ಲಿ ಅಚ್ಚುಹಾಕಿಸಿದರು. ೧೯೧೫ರಲ್ಲಿ ಸಂಪೂರ್ಣ ಇಂಗ್ಲಿಷ್ ಅನುವಾದವು ಹೊರಬಿದ್ದಿತು. ಕನ್ನಡ ಶಾಸನಗಳನ್ನು ಶೋಧಿಸಿ ಹೆಸರಾಗಿದ್ದ ಜೆ. ಎಫ್. ಫ್ಲೀಟರು ಅದಕ್ಕೆ ಪೀಠಿಕೆಯನ್ನು ಬರೆದರು. ಅಷ್ಟಕ್ಕೂ ತೃಪ್ತರಾಗದೆ ಶಾಸ್ತ್ರಿಗಳು ಗ್ರಂಥದ ಪದಗಳ ಅಕಾರಾದಿಯನ್ನು ಮೂರು ಸಂಪುಟಗಳಲ್ಲಿ ಸಿದ್ಧಪಡಿಸಿ ೧೯೨೪–೨೫ರಲ್ಲಿ ಪ್ರಕಟಿಸಿದರು. ಒಂದು ಪದವು ಎಲ್ಲೆಲ್ಲಿ ಬಂದಿದೆಯೆಂದು ಗುರುತಿಸುವ ಈ ಬಗೆಯ ಕೆಲಸಕ್ಕೆ ಬಿರುದು ಬಾವಲಿಗಳು ದೊರೆಯುವುದಿಲ್ಲ. ಆದರೆ ಮುಂದಿನ ಪ್ರತಿಯೊಬ್ಬ ಶೋಧಕನೂ ಅದರ ಋಣವನ್ನು ಹೊರಬೇಕಾಗುತ್ತದೆ.

ಗ್ರಂಥದಲ್ಲಿ ಏನಿದೆ? ೧೫ ಅಧಿಕರಣಗಳು, ೧೫೦ ಅಧ್ಯಾಯಗಳು, ೧೮೦ ಪ್ರಕರಣಗಳು. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂದು ರಾಜ್ಯಕ್ಕೆ ಏಳು ಅಂಗಗಳನ್ನು ಹೇಳಿ, ಒಂದೊಂದರ ಬಲಾಬಲಗಳನ್ನು ವಿಚಾರಿಸುತ್ತದೆ. ದೊರೆಯು ಈ ಏಳರಲ್ಲಿ ಒಂದು ಅಂಗವೇ ಹೊರತು ಅವನೇ ರಾಜ್ಯವಲ್ಲ. ಸುಂಕ, ತೂಕ, ನೇಯ್ಗೆ, ಬೇಸಾಯ, ಗಣಿ, ಉಗ್ರಾಣ, ಹಡಗು, ಗೋವು, ಆನೆ, ಹೀಗೆ ಒಂದೊಂದು ಇಲಾಖೆಗೂ ಒಬ್ಬ ಅಧ್ಯಕ್ಷನನ್ನು ಹೇಳಿ, ಅವನು ಇಡಬೇಕಾದ ಲೆಕ್ಕವನ್ನೂ ತಪ್ಪಿದರೆ ತೆರಬೇಕಾದ ದಂಡವನ್ನೂ ವಿಧಿಸುತ್ತದೆ. ನಮ್ಮ ವಾಚಕರಲ್ಲಿ ಅಧಿಕಾರಸ್ಥರು ಅನೇಕರಿದ್ದಾರೆ. ನೌಕರರು ರಾಜಧನವನ್ನು ನುಂಗುವ ೪೦ ಬಗೆಗಳನ್ನು ಕೌಟಲ್ಯನು ಒಂದೊಂದಾಗಿ ಎಣಿಸಿ ಇಟ್ಟಿದ್ದಾನೆಂಬುದನ್ನು ಅವರು ಲಕ್ಷಿಸಬೇಕು. ಇವುಗಳಲ್ಲಿ ಯಾವುದು ಇಂದು ಬಳಕೆಯಲ್ಲಿಲ್ಲವೆಂದು ಹೇಳುವುದು ಅವರಿಗೂ ಕಷ್ಟವಾದೀತು.

ಪಾಳ್ಯ ಮತ್ತು ಸಕಲೇಶಪುರದ ಬೆಟ್ಟದವರಿಗೆ ಇದರಲ್ಲಿ ತಮ್ಮ ನೆಲದ ಸಂಗತಿಗಳೇ ಕಾಣುತ್ತವೆ. ಜಲದುರ್ಗ, ಗಿರಿದುರ್ಗ, ಮರುದುರ್ಗ, ವನದುರ್ಗಗಳೆಂಬ ನಾಲ್ಕು ಬಗೆಯ ಕೋಟೆಗಳನ್ನು ಗ್ರಂಥವು ಹೇಳುತ್ತದೆ. ಬಲಂ ಪಾಳೆಯಗಾರನಿಗೆ ಬಲವಾಗಿದ್ದುದು ಕಲ್ಲಿನ ಗೋಡೆಗಿಂತ ಹೆಚ್ಚಾಗಿ ಈ ನಾಲ್ಕನೆಯದು. ಆದುದರಿಂದಲೇ ವೆಲ್ಲೆಸ್ಲಿಯು ಕಾಡಿನ ನಡುವೆ ದಾರಿಗಳನ್ನು ಕಡಿಸಬೇಕಾಯಿತು. ಆನೆಗಳಿಗಾಗಿ ರಾಜ್ಯದ ಅಂಚಿನಲ್ಲಿ ಪ್ರತ್ಯೇಕ ವನವನ್ನು ಬಿಡಬೇಕು, ಅದಕ್ಕೆ ಅಧ್ಯಕ್ಷನೂ ಕಾವಲಿನವರೂ ಇರಬೇಕು, ಆನೆಯನ್ನು ಕೊಂದವನಿಗೆ ಮರಣದಂಡನೆ ಎಂದು ಗ್ರಂಥವು ವಿಧಿಸುತ್ತದೆ. ಕಾಡು ಕಡಿದು ತೋಟವಾದ ಈ ಸೀಮೆಯಲ್ಲಿ ಆನೆಗೂ ಮನುಷ್ಯನಿಗೂ ನಡೆಯುತ್ತಿರುವ ಕಲಹವನ್ನು ಕಣ್ಣಾರೆ ಕಾಣುವವರು, ಆನೆಯ ನೆಲವನ್ನು ಆನೆಗೆ ಮೀಸಲಿಡುವ ಆಲೋಚನೆಯು ಎಷ್ಟು ಹಿಂದಿನದೆಂದು ಯೋಚಿಸಬಹುದು.

ಇನ್ನು ಕ್ಷಾಮದ ಮಾತು. ಬೆಂಕಿ, ನೆರೆ, ರೋಗ ಮೊದಲಾದ ವಿಪತ್ತುಗಳ ಸಾಲಿನಲ್ಲಿ ದುರ್ಭಿಕ್ಷವನ್ನು ಹೇಳಿ, ಆಗ ದೊರೆಯು ಬೀಜವನ್ನೂ ಅನ್ನವನ್ನೂ ಒದಗಿಸಬೇಕು, ಕೋಟೆ ಅಣೆಕಟ್ಟು ಮೊದಲಾದ ಕಾಮಗಾರಿಗಳನ್ನು ನಡೆಸಿ ದುಡಿದವರಿಗೆ ಊಟ ಕೊಡಬೇಕು ಎಂದು ಗ್ರಂಥವು ಸೂಚಿಸುತ್ತದೆ. ಎಂಟು ಲಕ್ಷಕ್ಕೂ ಮಿಕ್ಕು ಜನರನ್ನು ಒಂದು ದಶಕದಲ್ಲಿ ಕಳೆದುಕೊಂಡ ಸಂಸ್ಥಾನದ ಹಳ್ಳಿಯಲ್ಲಿ ಬಾಲ್ಯವನ್ನು ಕಳೆದ ಶಾಸ್ತ್ರಿಗಳೇ ಈ ವಿಧಿಗಳನ್ನು ಮತ್ತೆ ಜಗತ್ತಿಗೆ ಓದಿ ತಿಳಿಸಿದರು. ಆಡಳಿತವೆಂಬುದು ಪರದೇಶದಿಂದ ಬಂದ ವರವೆಂದು ನಂಬಿದ್ದವರಿಗೆ ಇದಕ್ಕಿಂತ ನೇರವಾದ ಉತ್ತರವು ಬೇಕಾಗಿರಲಿಲ್ಲ.

ಗ್ರಂಥವು ಹೊರಬಿದ್ದ ಮೇಲೆ ಆದ ಕ್ಷೋಭೆಯು ಸಾಮಾನ್ಯವಲ್ಲ. ಜರ್ಮನಿಯಲ್ಲಿ ಯಾಕೋಬಿ ಮೊದಲಾದವರು ಅದರ ಅಧ್ಯಯನಕ್ಕೆ ತೊಡಗಿದರು. ವಿನ್ಸೆಂಟ್ ಸ್ಮಿತ್ತರು ತಮ್ಮ ಪ್ರಾಚೀನ ಭಾರತದ ಇತಿಹಾಸದಲ್ಲಿ ಅದನ್ನು ಉಪಯೋಗಿಸಿಕೊಂಡರು. ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರರು ೧೯೧೯ರ ತಮ್ಮ ಪ್ರಸಿದ್ಧ ಉಪನ್ಯಾಸದಲ್ಲಿ, ಅರ್ಥಶಾಸ್ತ್ರದ ಮುಂದೆ ಇಟಲಿಯ ಮೆಕಿಯವೆಲ್ಲಿಯು ನಿರುಪದ್ರವಿಯೆಂಬ ಅಭಿಪ್ರಾಯವನ್ನು ಸೂಚಿಸಿದರು. ನಮ್ಮಲ್ಲಿ ಕೆ. ಪಿ. ಜಾಯಸವಾಲರು ೧೯೨೪ರಲ್ಲಿ ಹಿಂದೂ ರಾಜ್ಯಪದ್ಧತಿಯನ್ನು ಕುರಿತ ತಮ್ಮ ಗ್ರಂಥದಲ್ಲಿ ಅದನ್ನು ಆಧಾರವಾಗಿ ಹಿಡಿದರು. ಕಲ್ಕತ್ತಾ ವಿಶ್ವವಿದ್ಯಾನಿಲಯವು ೧೯೨೧ರಲ್ಲಿ ಶಾಸ್ತ್ರಿಗಳಿಗೆ ಡಾಕ್ಟರೇಟ್ ಗೌರವವನ್ನು ನೀಡಿತು. ಮೈಸೂರು ಮಹಾರಾಜರಿಂದ ಅರ್ಥಶಾಸ್ತ್ರವಿಶಾರದರೆಂಬ ಬಿರುದು ಬಂದಿತು. ೧೯೨೭ರಲ್ಲಿ ಗಾಂಧೀಜಿಯವರು ನಂದಿಬೆಟ್ಟದಲ್ಲಿ ವಿಶ್ರಮಿಸಿಕೊಳ್ಳುತ್ತಿದ್ದಾಗ ಶಾಸ್ತ್ರಿಗಳು ಅವರನ್ನು ಕಂಡರು. ಯೂರೋಪಿನ ಪ್ರವಾಸದಲ್ಲಿ ಮಹಾರಾಜರನ್ನು ಅಲ್ಲಿಯ ವಿದ್ವಾಂಸರು ಶಾಮಶಾಸ್ತ್ರಿಗಳ ಊರಿನವರೆಂದು ಗುರುತಿಸಿದರೆಂಬ ಕಥೆಯೊಂದು ಮೈಸೂರಿನಲ್ಲಿ ಪ್ರಚಾರದಲ್ಲಿದೆ. ಕಥೆಯು ಹೇಗೇ ಇರಲಿ, ಅಂತಹ ಕಥೆಯನ್ನು ಕಟ್ಟಿ ಹೇಳಬೇಕೆಂದು ಜನಕ್ಕೆ ತೋರಿದುದೇ ಅವರ ಗೌರವಕ್ಕೆ ಸಾಕ್ಷಿ.

ಅರ್ಥಶಾಸ್ತ್ರವೊಂದೇ ಅವರ ಜೀವಿತವಲ್ಲ. ೧೯೧೨ರಲ್ಲಿ ಅವರು ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆಯ ಮುಖ್ಯಸ್ಥರಾದರು, ೧೯೧೮ರಲ್ಲಿ ಗ್ರಂಥಭಂಡಾರಕ್ಕೆ ಕ್ಯುರೇಟರಾಗಿ ಮರಳಿದರು, ೧೯೨೨ರಲ್ಲಿ ಆರ್. ನರಸಿಂಹಾಚಾರ್ಯರ ತರುವಾಯ ಪ್ರಾಕ್ತನ ವಿಮರ್ಶೆಯ ಇಲಾಖೆಯ ಮುಖ್ಯಾಧಿಕಾರಿಗಳಾಗಿ, ೧೯೨೯ರಲ್ಲಿ ನಿವೃತ್ತರಾದರು. ಕನ್ನಡ ಗ್ರಂಥಗಳಿಗೆ ಅವರು ಸಲ್ಲಿಸಿದ ಸೇವೆಯನ್ನು ಕನ್ನಡಿಗರೇ ಮರೆತಿರುವುದು ವಿಷಾದಕರ. ನಯಸೇನನ ಧರ್ಮಾಮೃತ, ರುದ್ರಭಟ್ಟನ ಜಗನ್ನಾಥವಿಜಯ, ಗೋವಿಂದವೈದ್ಯನ ಕಂಠೀರವ ನರಸರಾಜವಿಜಯ, ಲಿಂಗಣ್ಣನ ಕೆಳದಿನೃಪವಿಜಯ ಇವುಗಳನ್ನು ಅವರು ಸಂಪಾದಿಸಿದರು. ಕೊನೆಯ ಎರಡು ಗ್ರಂಥಗಳು ಮೈಸೂರಿನ ಮತ್ತು ಕೆಳದಿಯ ಅರಸರ ಚರಿತ್ರೆಗೆ ಆಧಾರಗಳು. ಬಲಂ ಸೀಮೆಯನ್ನು ಎರಡು ಕಡೆಯಿಂದಲೂ ಒತ್ತಿದ ರಾಜ್ಯಗಳೇ ಇವು. ವೇದಕಾಲದ ಜ್ಯೋತಿಷವನ್ನೂ ಗ್ರಹಣಚಕ್ರವನ್ನೂ ಕುರಿತು ಅವರು ಬರೆದರು. ಜಾತಿಯ ವಿಕಾಸವನ್ನು ಕುರಿತ ಪುಸ್ತಕವೊಂದರಲ್ಲಿ, ಶಾಸ್ತ್ರಿಗಳೊಬ್ಬರು ಜಾತಿಯನ್ನು ಕಾಲಕ್ರಮದಿಂದ ಬೆಳೆದುಬಂದ ವಸ್ತುವೆಂದು ಇತಿಹಾಸದ ಕಣ್ಣಿನಿಂದ ಪರೀಕ್ಷಿಸಿದುದು ಆ ದಿನಗಳಲ್ಲಿ ಅಲ್ಪ ಧೈರ್ಯದ ಕೆಲಸವಲ್ಲ.

ಅವರ ಅಭಿಪ್ರಾಯಗಳೆಲ್ಲವೂ ನಿಂತವೆಂದು ನಾವು ಹೇಳುವುದಿಲ್ಲ. ಗುಪ್ತಶಕೆಯು ಕ್ರಿ. ಶ. ೩೧೯–೨೦ರಲ್ಲಿ ಅಲ್ಲ, ೨೦೦ರ ಸುಮಾರಿನಲ್ಲಿ ಆರಂಭವಾಯಿತೆಂದು ಅವರು ವಾದಿಸಿದರು, ವಿದ್ವಾಂಸರು ಒಪ್ಪಲಿಲ್ಲ. ಅರ್ಥಶಾಸ್ತ್ರವು ಚಂದ್ರಗುಪ್ತ ಮೌರ್ಯನ ಮಂತ್ರಿಯಾದ ಚಾಣಕ್ಯನ ಕೃತಿಯೆಂಬ ಅವರ ನಿಲುವನ್ನು ಯಾಲಿ, ವಿಂಟರ್ನಿಟ್ಸ್, ಕೀತ್ ಮೊದಲಾದವರು ವಿರೋಧಿಸಿ, ಗ್ರಂಥವನ್ನು ಕೆಲವು ಶತಮಾನಗಳಷ್ಟು ಈಚೆಗೆ ತಂದರು. ೧೯೭೧ರಲ್ಲಿ ಥಾಮಸ್ ಟ್ರೌಟ್‌ಮನ್ನರು ಪದಪ್ರಯೋಗಗಳನ್ನು ಎಣಿಸಿ, ಗ್ರಂಥದಲ್ಲಿ ಒಂದಕ್ಕಿಂತ ಹೆಚ್ಚು ಕೈಗಳಿವೆಯೆಂದು ತೋರಿಸಿದರು. ೨೦೧೩ರಲ್ಲಿ ಹೊಸ ಅನುವಾದವನ್ನು ಪ್ರಕಟಿಸಿದ ಪ್ಯಾಟ್ರಿಕ್ ಒಲಿವೆಲ್ಲರು ಅದರ ಮೂಲವನ್ನು ಕ್ರಿಸ್ತಶಕಾರಂಭದ ಆಸುಪಾಸಿಗೆ ತಂದಿದ್ದಾರೆ. ಗೂಢಚಾರರ ಜಾಲ, ಕಪಟೋಪಾಯಗಳು, ವರ್ಣಕ್ಕೊಂದು ದಂಡ, ಇವೆಲ್ಲವೂ ಗ್ರಂಥದಲ್ಲಿವೆ. ಅವುಗಳನ್ನು ಇಂದು ಆದರ್ಶವೆಂದು ಹಿಡಿಯುವವರಾರೂ ಇಲ್ಲ, ಇರಬಾರದು.

ಆದರೆ ಶಾಸ್ತ್ರಿಗಳ ನಿಜವಾದ ದೊಡ್ಡತನವನ್ನು ನಾವು ಇಲ್ಲಿಯೇ ಕಾಣುತ್ತೇವೆ. ದೇಶಾಭಿಮಾನದ ಹೆಸರಿನಲ್ಲಿ ಅವರು ಒಂದು ಕಟುವಾದ ವಾಕ್ಯವನ್ನೂ ಮರೆಮಾಡಲಿಲ್ಲ. ಹೊಗಳಿಕೆಗೆ ತಕ್ಕ ಭಾಗಗಳನ್ನು ಮಾತ್ರ ಆರಿಸಿ ಮೆರೆಸಲಿಲ್ಲ. ಇದ್ದುದನ್ನು ಇದ್ದಂತೆ, ಮೂಲ, ಅನುವಾದ, ಅಕಾರಾದಿಗಳೊಡನೆ, ಎದುರಾಳಿಯ ಕೈಗೂ ಕೊಟ್ಟರು. ಅವರನ್ನು ಖಂಡಿಸಿದವರೂ ಅವರ ಪುಸ್ತಕವನ್ನು ಮುಂದಿಟ್ಟುಕೊಂಡೇ ಖಂಡಿಸಬೇಕಾಯಿತು. ತಿರುವನಂತಪುರದ ಗಣಪತಿಶಾಸ್ತ್ರಿಗಳ ೧೯೨೪–೨೫ರ ಮುದ್ರಣ, ಮಾಯರರ ಜರ್ಮನ್ ಅನುವಾದ, ೧೯೫೯ರ ರಷ್ಯನ್ ಅನುವಾದ, ೧೯೬೦–೬೫ರಲ್ಲಿ ಮುಂಬಯಿಯಿಂದ ಬಂದ ಕಾಂಗಲೆಯವರ ಪರಿಷ್ಕೃತ ಆವೃತ್ತಿ, ಇವೆಲ್ಲವೂ ೧೯೦೯ರ ಆ ಮೈಸೂರು ಪುಸ್ತಕದ ಸಂತಾನ. ಮಿಲ್ಲನು ಓದದೆ ಬರೆದನು. ಶಾಸ್ತ್ರಿಗಳು ಓದಿ ಬರೆದರು. ಏಷ್ಯದ ಜನಾಂಗಗಳ ಚರಿತ್ರೆಯನ್ನು ಬರೆಯುವ ಅಧಿಕಾರವು ಯಾರಿಗೆ ಸಲ್ಲಬೇಕೆಂಬ ವಿವಾದವು ಇಷ್ಟರಿಂದಲೇ ತೀರ್ಮಾನವಾಗಬೇಕು.

ಶಾಸ್ತ್ರಿಗಳು ೧೯೪೪ರಲ್ಲಿ, ಸ್ವಾತಂತ್ರ್ಯವು ಬರುವುದಕ್ಕೆ ಮೂರು ವರ್ಷ ಮೊದಲು, ತೀರಿಕೊಂಡರು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಅವರ ಗ್ರಂಥಭಂಡಾರಕ್ಕೆ ೧೯೪೩ರಲ್ಲಿ ಪ್ರಾಚ್ಯವಿದ್ಯಾಸಂಶೋಧನಾಲಯವೆಂಬ ಹೆಸರು ಬಂದಿತ್ತು. ಅರ್ಥಶಾಸ್ತ್ರದ ಆ ಓಲೆಗರಿಗಳು ಈಗಲೂ ಅಲ್ಲಿಯೇ ಇವೆ.

ನಾವು ಹೇಳಬೇಕಾದುದು ಇನ್ನೊಂದು ಮಾತು. ತಂಜಾವೂರಿನ ಆ ಪಂಡಿತನು ತನ್ನ ಕಟ್ಟನ್ನು ಅಟ್ಟದ ಮೇಲೆಯೇ ಬಿಟ್ಟಿದ್ದರೆ ಗೆದ್ದಲು ಅದನ್ನು ಓದಿ ಮುಗಿಸುತ್ತಿತ್ತು. ಮೈಸೂರಿನ ಭಂಡಾರದವರು ಅದನ್ನು ಪಟ್ಟಿಯಲ್ಲಿ ಬರೆದು ಬೀಗ ಹಾಕಿದ್ದರೂ ಫಲವು ಅದೇ ಆಗುತ್ತಿತ್ತು. ಕೊಡುವವನೊಬ್ಬ, ಓದುವವನೊಬ್ಬ, ಇಬ್ಬರೂ ಕೂಡಿದುದರಿಂದ ಒಂದು ದೇಶದ ಚರಿತ್ರೆಯ ದಿಕ್ಕು ಬದಲಾಯಿತು. ಮಲೆನಾಡಿನ ಹಳೆಯ ಮನೆಗಳ ಅಟ್ಟಗಳಲ್ಲಿ, ಮಠಗಳ ಪೆಟ್ಟಿಗೆಗಳಲ್ಲಿ, ಶಾನುಭೋಗರ ವಂಶಸ್ಥರ ಕೋಣೆಗಳಲ್ಲಿ ಓಲೆಯ ಕಟ್ಟುಗಳೂ ಕಪ್ಪು ಕಡತಗಳೂ ಇನ್ನೂ ಇರುವುವು. ಮಳೆಗಾಲದ ತೇವವು ಅವುಗಳಿಗೆ ವರ್ಷವರ್ಷವೂ ತನ್ನ ಸುಂಕವನ್ನು ವಿಧಿಸುತ್ತಿದೆ. ಅವು ನಿಮ್ಮ ಸ್ವತ್ತೇ ಆಗಿರಲಿ. ಓದಬಲ್ಲವರಿಗೆ ಒಮ್ಮೆ ತೋರಿಸಿ, ಛಾಯಾಚಿತ್ರವನ್ನಾದರೂ ತೆಗೆಯಗೊಡಿರಿ. ಭಂಡಾರಗಳನ್ನು ನಡೆಸುವ ಅಧಿಕಾರಿಗಳು ಗ್ರಂಥಪಾಲಕನ ಹುದ್ದೆಗೆ ಲಿಪಿಯನ್ನೂ ಶಾಸ್ತ್ರವನ್ನೂ ಬಲ್ಲವರನ್ನು ನೇಮಿಸಿ, ಅವರಿಗೆ ಓದಲು ವೇಳೆಯನ್ನು ಕೊಡಲಿ. ಶೇಷಾದ್ರಿ ಅಯ್ಯರವರು ಮಾಡಿದುದು ಅಷ್ಟೇ. ರುದ್ರಪಟ್ಟಣದ ಪಂಡಿತರಿಗೆ ಹಾಸನ ಜಿಲ್ಲೆಯವರೂ ಉಳಿದ ಕನ್ನಡಿಗರೂ ಸಲ್ಲಿಸಬಹುದಾದ ಸ್ಮಾರಕವೂ ಅದೇ.